ಮಿಶ್ರಿ ಬಿಡಿಸುವ ಓದು

ಪುಣೆಯ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಸೊಲ್ಲಾಪುರದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಹಲ್ಲಿನ ಡಾಕ್ಟರ್ ಒಬ್ಬಳು, ಅವಳ ಸೋದರತ್ತೆ.

"ಭೋಸರಿ ದವಾಖಾನಿ ಚಲೋ ನಡದದ. ಅದನ್ನ ಮುಚ್ಚಿ ಮತ್ತ ಕಾಲೇಜಿಗೆ ಹೋಗ್ತೀಯೇನ, ನೀತಾ?"

"ಹೌದತ್ತಿ. ಪಬ್ಲಿಕ್ ಹೆಲ್ತ್‌ದಾಗ ಮಾಸ್ಟರ್ಸ್ ಮಾಡ್ತೀನಿ."

"ಹಲ್ಲು ಕೀಳೋದು ಬ್ಯಾಸರಾತೇನ?"

"ಕಿತ್ತು ಕಳಸ್ತೀನಿ. ಮನಿಗೆ ಹೋಗಿ ಉಳದ ಹಲ್ಲಿಗೆ ಮತ್ತ ಹುರದ ತಂಬಾಕಿನ ಪುಡಿ, ಆ ಮಿಶ್ರಿನ ತಿಕ್ಕತಾರ. ಅದನ್ನ ಬಿಡಿಸೋದು ಹೆಂಗಂತ ಕಲೀಬೇಕು."

"ಅದಕ್ಕೂ ಓದಬೇಕೇನ? ಬಿಡ್ರಿ ಅಂದ್ರಾತು."

"ನಿಮಗ ಎಷ್ಟು ವರ್ಷದಿಂದ ಹೇಳಾಕತ್ತೀನಿ, ಅತ್ತಿ?"

ಅತ್ತೆ ಮುಷ್ಟಿಯಲ್ಲಿದ್ದ ಸಣ್ಣ ಡಬ್ಬಿಯನ್ನು ಸೆರಗಿನಡಿ ಸರಿಸಿದರು. ಅಷ್ಟರಲ್ಲಿ ಬಸ್ಸು ಬಂತು.

"ಕಾಲೇಜು ಯಾವಾಗ ಸುರು?"

"ಜುಲೈದಾಗ."

"ಓದಿ ಬಾ. ಮೊದಲ ನನಗ ಬಿಡಿಸಿ ತೋರಸು."

ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆ ಬಸ್ಸು ಹತ್ತಿದರು.