ಶೇವಂತಾಬಾಯಿಯ ಕೈಮಾತು

ಅಧ್ಯಕ್ಷ ಸ್ಥಾನದಲ್ಲಿರುವ ನಮ್ಮ ಗಿರಣಿಯ ಮ್ಯಾನೇಜರ್ ಜಹೀರುದ್ದೀನ್ ಸಾಹೇಬರೇ, ಬ್ರಹ್ಮಪುರದಿಂದ ದಯಮಾಡಿಸಿದ ಹಿರಿಯರೇ, ನೂಲು ಸುತ್ತುವ ಖಾತೆಯ ಅಕ್ಕತಂಗಿಯರೇ, ಯಂತ್ರ ನಿಂತ ಮೇಲೂ ಕೂಗಿಯೇ ಮಾತಾಡುವ ನನ್ನ ಅಣ್ಣತಮ್ಮಂದಿರೇ, ಸಭಿಕರೇ,

ಇಂದು ಶೇವಂತಾಬಾಯಿಯವರನ್ನು ಬೀಳ್ಕೊಡುವ ದಿನ. ಅವರ ಬಗ್ಗೆ ಎರಡು ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಖಾತೆಯ ಆಳುಗಳಿಂದ ಕೆಲಸ ತೆಗೆಯುವ ಮುಕಾದಮ ಈ ಜಗದೇವಪ್ಪನಿಗೆ ಭಾಷಣ ಎಲ್ಲಿಂದ ಬರಬೇಕು? ನನಗೆ ಬರುವುದು ಬೈಗುಳ ಒಂದೇ. ಇವತ್ತು ಅದು ಬೇಡ.

ಪ್ಲೇಗಿನಲ್ಲಿ ಗಂಡ ತೀರಿಹೋದ ಮೇಲೆ ಈಕೆ ಕಮಲಾಪುರದಿಂದ ಕೆಲಸ ಹುಡುಕಿಕೊಂಡು ಕಲಬುರಗಿಗೆ ಬಂದರು. ತಾಯಿ ಸೂಗಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ, ಬಾಯಿ ಬರುವುದಿಲ್ಲ. "ನಮ್ಮ ಮನ್ಯಾಗ ಮಾತು ಅಂದ್ರ ಕೈಯಾಗೇ ರೀ. ಅವ್ವ ಕೈಯಿಂದಲೇ ಬೈತಾಳ, ಕೈಯಿಂದಲೇ ಹಾಡ್ತಾಳ" ಎಂದು ಮೊದಲ ದಿನವೇ ನನಗೆ ಹೇಳಿದ್ದರು. ಗಿರಣಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ಸಂಬಂಧ ಇರಲಿಲ್ಲವೇ? ನಮ್ಮ ಖಾತೆಯ ಗದ್ದಲ ನಿಮಗೆ ಗೊತ್ತು. ಪಕ್ಕದವಳು ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಅರ್ಧ ಮಾತು ಗಾಳಿಗೆ. ಶೇವಂತಾಬಾಯಿ ಈ ತುದಿಯಲ್ಲಿ ನಿಂತು, ಆ ತುದಿಯ ಸಕ್ಕೂಬಾಯಿಗೆ ಕೈಯಾಡಿಸಿ ಮಾತಾಡಿದರು. ಬೇವಿನ ಗಿಡದ ಕೆಳಗೆ ರೊಟ್ಟಿ ತಿನ್ನುವಾಗ ಎಲ್ಲರಿಗೂ ಕಲಿಸತೊಡಗಿದರು: ನೀರು, ಎಳೆ ಹರೀತು, ಸಾಹೇಬರು ಬಂದಾರ. ಕೊನೆಯದನ್ನು ಎಲ್ಲರೂ ಬೇಗ ಕಲಿತರು, ಕ್ಷಮಿಸಬೇಕು ಸಾಹೇಬರೇ. ನಾನು ಮಾತ್ರ "ಏ ತಂಗಿ, ಇದು ಗಿರಣಿ ಅದ, ಬಯಲಾಟ ಅಲ್ಲ" ಎಂದು ನಕ್ಕೆ.

ಒಂದು ದಿನ ಸಕ್ಕೂಬಾಯಿಯ ಸೆರಗು ಯಂತ್ರ ತಿರುಗಿಸುವ ಪಟ್ಟಾಕ್ಕೆ ಸಿಕ್ಕಿತು. ಆಕೆ ಚೀರಿದ್ದು ಯಾರಿಗೂ ಕೇಳಲಿಲ್ಲ. ನಾನು ಬೆನ್ನು ಮಾಡಿ ನಿಂತಿದ್ದೆ. ಶೇವಂತಾಬಾಯಿ ದೂರದಿಂದ ನೋಡಿ, ಎರಡೂ ಕೈ ಮೇಲೆತ್ತಿ "ನಿಲ್ಲಿಸು" ಎಂದರು. ಆ ತುದಿಯಲ್ಲಿದ್ದ ಮಲ್ಲಣ್ಣ ಅದನ್ನು ಕಂಡು ಪಟ್ಟಾ ಜಾರಿಸಿ ಯಂತ್ರ ನಿಲ್ಲಿಸಿದ. ಸೆರಗು ಹರಿಯಿತು, ಸಕ್ಕೂಬಾಯಿ ಉಳಿದರು. ಅಲ್ಲಿ ಕೂತಿದ್ದಾರೆ ನೋಡಿ. ಅಳಬ್ಯಾಡ್ರಿ ತಾಯಿ.

ಮರುದಿನ ನಾನೇ ಬೇವಿನ ಗಿಡದ ಕೆಳಗೆ ಹೋಗಿ ಕೂತೆ. "ನನಗೂ ಕಲಿಸವ್ವಾ" ಎಂದೆ. ಬೆರಳು ದಪ್ಪ, ಬುದ್ಧಿ ಅದಕ್ಕಿಂತ ದಪ್ಪ. ಆಕೆ ಒಮ್ಮೆಯೂ ಬೇಸರಪಡಲಿಲ್ಲ. ನಮ್ಮ ಗಾಜಿಪುರದ ಮನೆಗೆ ಬಂದು ನನ್ನ ಹೆಂಡತಿ ಕಸ್ತೂರಿಬಾಯಿಗೂ ಕಲಿಸಿದರು. ಯಾಕಂದರೆ ಆಗಲೇ ಮನೆಯಲ್ಲಿ ನಮ್ಮಿಬ್ಬರ ಮಾತು ನಿಂತೇ ಹೋಗಿತ್ತು. ಹೆಂಡತಿ ಏನು ಹೇಳಿದರೂ ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ಸರಕಾರಿ ದವಾಖಾನೆಯ ಡಾಕ್ಟರರು ಕಿವಿಯಲ್ಲಿ ಇಣುಕಿ ನೋಡಿ, ಕೈ ಚೆಲ್ಲಿದ್ದರು...

ಹೋಗಲಿ ಬಿಡಿ. ಬಾಯಿಗೆ ಬಂದದ್ದು ಬಂತು. ಸಾಹೇಬರೇ, ಈ ಗದ್ದಲದಲ್ಲಿ ಬರಬರುತ್ತ ನಿಮ್ಮ ಮುಕಾದಮನ ಕಿವಿ ಹೋಗಿದೆ, ಈಗ ಏನೂ ಕೇಳುವುದಿಲ್ಲ. ನೀವು ಹುಕುಂ ಕೊಡುವಾಗಲೆಲ್ಲ ಶೇವಂತಾಬಾಯಿ ನಿಮ್ಮ ಹಿಂದೆ ನಿಂತು ಕೈಯಲ್ಲಿ ನನಗೆ ಹೇಳುತ್ತಿದ್ದರು. ಕೆಲಸ ಹೋದೀತೆಂದು ನಾನು ಹೆದರಿದಾಗ, "ಅಣ್ಣಾ, ನಾ ಇದ್ದೀನಿ" ಎಂದದ್ದೂ ಕೈಯಲ್ಲೇ.

ಸಾಹೇಬರು ಏನೋ ಅನ್ನುತ್ತಿದ್ದಾರೆ. ಶೇವಂತಾ, ಏನಂತಾರವ್ವಾ?

"ಗೊತ್ತಿತ್ತು" ಅಂತೀರಾ? ಮೊದಲಿಂದಲೂ? ಅದಕ್ಕೇ ನೀವು ಯಾವಾಗಲೂ ಈಕೆಗೆ ಜಾಗ ಬಿಟ್ಟು ನಿಲ್ಲುತ್ತಿದ್ದಿರಾ?

ತಡೀರಿ, ಒಂದು ಗಳಿಗೆ. ನೀರು ಕುಡಿಯುತ್ತೇನೆ.

ಈಕೆ ಯಾಕೆ ಹೊರಟರೆಂದು ನೀವೆಲ್ಲ ಕೇಳಬಹುದು. ಕಮಲಾಪುರದಲ್ಲಿ ಸೂಗಮ್ಮನ ಕಣ್ಣಿಗೆ ಪೊರೆ ಬಂದು ಈಗ ಏನೂ ಕಾಣುವುದಿಲ್ಲ. ಕೈಯಾಡಿಸಿದರೆ ತಾಯಿಗೆ ತಿಳಿಯುವುದೂ ಇಲ್ಲ. "ಮತ್ತ ಹ್ಯಾಂಗವ್ವಾ?" ಎಂದು ಕೇಳಿದೆ. ಈಕೆ ನನ್ನ ಅಂಗೈ ತೆರೆದು, ಅದರೊಳಗೆ ತಮ್ಮ ಬೆರಳಿನಿಂದ ಮಾತು ಮೂಡಿಸಿ ತೋರಿಸಿದರು. ಕಣ್ಣು ಮುಚ್ಚಿಕೊಂಡಿದ್ದೆ, ಆದರೂ ತಿಳಿಯಿತು. "ಉಂಡೀಯೇನವ್ವಾ?" ಎಂದಿದ್ದರು.

ಹೋಗಿ ಬಾ ತಂಗಿ. ಅವ್ವನ ಕೈ ಹಿಡಕೊಂಡು ಕೂಡು. ಇಲ್ಲಿ ನಾವು ನೋಡಿಕೊಳ್ಳುತ್ತೇವೆ.

ಇಷ್ಟು ಹೊತ್ತು ಕೇಳಿದ ನಿಮಗೂ, ಎಲ್ಲ ತಿಳಿದೂ ಸುಮ್ಮನಿದ್ದ ಸಾಹೇಬರಿಗೂ ನನ್ನ ಧನ್ಯವಾದ. ನಮಸ್ಕಾರ.