ತೂತು ಮುಚ್ಚಿದ ಕಾರು

ಒಂದು ಊರು ಅಂತ ಇಟ್ಕೊಳ್ಳಿ. ಅಲ್ಲೊಬ್ಬ ಶ್ರೀಮಂತ. ಅವನಿಗೆ ಯಾವುದಕ್ಕೂ ಕೊರತೆ ಇರಲಿಲ್ಲ, ಆದ್ರೆ ಅವನ ಜೀವ ಇದ್ದದ್ದು ಅಪ್ಪ ಬಿಟ್ಟುಹೋದ ಹಳೇ ಕಾರಲ್ಲಿ. ಆ ಕಾಲದ ಕಾರು ನೋಡಿ, ಗುಂಡು ಗುಂಡು ದೀಪ, ಸೋಫಾದಂಥ ಸೀಟು. ಅಪ್ಪ ಅದರಲ್ಲಿ ಒಬ್ಬರೇ ಹೋದದ್ದನ್ನ ಊರು ಕಂಡಿಲ್ಲ. ದಾರೀಲಿ ಯಾರು ನಿಂತಿದ್ರೂ ಬ್ರೇಕು. "ಹತ್ತಮ್ಮ, ಹತ್ತಯ್ಯ." ಹಾಲಿನ ಕ್ಯಾನು, ಶಾಲೆ ಮಕ್ಕಳು, ಹೆರಿಗೆ ನೋವಿನ ಹೆಂಗಸು, ಎಲ್ಲಾ ಅದೇ ಸೀಟಲ್ಲಿ. ಈ ಮಗ ಯಾರ್ಯಾರದೋ ತೊಡೆ ಮೇಲೆ ಕೂತು ಊರು ಸುತ್ತಿದವನು. ಆ ಸೀಟಿನ ವಾಸನೆ ಈಗಲೂ ಅವನಿಗೆ ನೆನಪಿತ್ತು.

ಅಪ್ಪ ಹೋದಮೇಲೆ ಮಗ ಏನು ಮಾಡಿದ? ಕಾರನ್ನ ಶೆಡ್ಡಲ್ಲಿಟ್ಟ, ಹೊದಿಕೆ ಹೊದಿಸಿದ, ಯಾರನ್ನೂ ಹತ್ತಿಸಲಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಪೈಪು ಹಿಡಿದು ತಾನೇ ತೊಳೆಯೋನು, ಹಾರ ಹಾಕೋನು. ಒಂದ್ಸಲ ಬಗ್ಗಿ ನೋಡ್ತಾನೆ, ಅಡಿಯ ಚೌಕಟ್ಟಿನಲ್ಲಿ ಸಣ್ಣ ಸಣ್ಣ ತೂತು. ಅಯ್ಯೋ, ನೀರು ಒಳಗೆ ಹೋಗುತ್ತಲ್ಲ ಅಂತ ಒಂದೊಂದಕ್ಕೂ ಟಾರು ಮೆತ್ತಿದ. ಪ್ರೀತಿಯಿಂದಲೇ ಮೆತ್ತಿದ, ನೋಡಿ.

ಹತ್ತು ವರ್ಷ ಆಯ್ತು. ತಂಗಿ ಬಂದಳು. "ಅಣ್ಣಾ, ನಾನು ಮದುವೆ ಛತ್ರಕ್ಕೆ ಹೋದದ್ದು ಆ ಕಾರಲ್ಲೇ. ನನ್ನ ಮಗಳೂ ಅದರಲ್ಲೇ ಹೋಗ್ಲಿ." ಇಲ್ಲ ಅನ್ನೋಕಾಗುತ್ತಾ? ಕಾರು ರಿಪೇರಿ ಮೇಸ್ತ್ರೀನ ಕರೆಸಿದ. ಮೇಸ್ತ್ರಿ ಕಾರಿನ ಕೆಳಗೆ ತೂರಿ ಸುತ್ತಿಗೇಲಿ ತಟ್ಟಿದ್ರೆ, ಠಣ್ ಅನ್ನಬೇಕಾದ ಕಬ್ಬಿಣ ಹಪ್ಪಳದ ಹಾಗೆ ಮುರೀತು. ಮೇಲೆ ಮಿರಮಿರ ಬಣ್ಣ, ಒಳಗೆ ಬರೀ ತುಕ್ಕು.

"ತೂತು ಯಾರು ಮುಚ್ಚಿದ್ದು ಸ್ವಾಮಿ?"

"ನಾನೇ. ನೀರು ಹೋಗದಿರಲಿ ಅಂತ."

"ಅದು ನೀರು ಹೊರಗೆ ಬರೋ ದಾರಿ. ಒಳಗೆ ಅದು ಹೇಗಾದ್ರೂ ಸೇರುತ್ತೆ. ಆಚೆ ಬರೋಕೆ ನೀವು ಬಿಡಲಿಲ್ಲ."

ಈಗೇನು ದಾರಿ? ಸ್ಟೇನ್‌ಲೆಸ್ ಸ್ಟೀಲಲ್ಲಿ ಹೊಸ ಚೌಕಟ್ಟು ಮಾಡಿ, ಹಳೇ ಕಾರನ್ನ ಅದರ ಮೇಲೆ ಕೂರಿಸೋದು. ನಿಮ್ಮನೆ ತಟ್ಟೆ ಲೋಟದ ಸ್ಟೀಲೇ ಅನ್ನಿ, ದಪ್ಪಗಿರುತ್ತೆ ಅಷ್ಟೇ. ಶ್ರೀಮಂತ ಕೇಳಿದ, "ಬೆನ್ನೆಲುಬೇ ಬದಲಾದ್ರೆ ಇದು ಅಪ್ಪನ ಕಾರು ಅಂತ ಹೇಗೆ ಹೇಳಲಿ?"

ಮೇಸ್ತ್ರಿ ಕೈ ಒರೆಸಿಕೊಂಡ. "ನಾನು ಹೊಟ್ಟೇಲಿದ್ದಾಗ ನಮ್ಮವ್ವನ್ನ ಆಸ್ಪತ್ರೆಗೆ ಕರ್ಕೊಂಡೋಗಿದ್ದು ಇದೇ ಕಾರು. ಅವ್ವ ಯಾವತ್ತೂ ಇದರ ಕಬ್ಬಿಣದ ಮಾತಾಡಲಿಲ್ಲ. ದೊಡ್ಡ ಯಜಮಾನ್ರು ಕಾರು ನಿಲ್ಲಿಸಿದ್ರು, ಅಂತಲೇ ಹೇಳೋಳು."

ಶ್ರೀಮಂತ ಅಂದ, "ಮಾಡು. ಸ್ಟೀಲಾದ್ರೂ ತೂತು ಬಿಡು."

ಮದುವೆ ದಿನ ಶ್ರೀಮಂತನೇ ಕಾರು ಓಡಿಸ್ತಿದ್ದಾನೆ, ಹಿಂದೆ ತಂಗಿ ಮಗಳು ಕೂತಿದ್ದಾಳೆ. ದಾರೀಲಿ ಹೂವಿನ ಬುಟ್ಟಿ ಹಿಡಿದು ಒಬ್ಬ ಮುದುಕಿ. ಕಾಲು ತಾನಾಗೇ ಬ್ರೇಕಿನ ಮೇಲೆ ಹೋಯ್ತು. "ಹತ್ತಮ್ಮ" ಅಂದ. ಅಂದಮೇಲೆ ಬೆಚ್ಚಿದ, ಅದು ಅಪ್ಪನ ದನಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ಅಪ್ಪನ ಫೋಟೋಗೆ ದಿನಾ ಹೂವು ಹಾಕ್ತೀರಿ, ಗಾಜು ಒರೆಸ್ತೀರಿ. ಒಳ್ಳೇದು. ಆದ್ರೆ ಬೆಳಿಗ್ಗೆ ಹಿಂದಿನ ಸೀಟು ಖಾಲಿ ಇಟ್ಕೊಂಡು ಬಸ್‌ಸ್ಟಾಪ್ ದಾಟಿ ಹೋಗ್ತೀರಲ್ಲ, ಅಲ್ಲಿ ನಿಂತಿರೋದು ಯಾರು? ನಿಮ್ಮ ಪಕ್ಕದ ಮನೆಯವರು. ಅವರನ್ನ ಕಂಡೂ ಗಾಜು ಏರಿಸ್ತೀರಲ್ಲ, ಅದೇ ನೀವು ಮೆತ್ತಿದ ಟಾರು. ನಾಳೆ ಬ್ರೇಕು ಹಾಕಿ. ಗಾಜು ಇಳಿಸಿ. ಹತ್ತಿ ಅನ್ನಿ. ಕಾರಿಲ್ಲದವರು ನಗಬೇಡಿ, ಸ್ಕೂಟರಿಗೂ ಹಿಂದೆ ಸೀಟಿದೆ. ನಾಳೆ ಯಾಕೆ, ಇವತ್ತೇ ಶುರು ಮಾಡಿ. ಈ ಸಭೆ ಮುಗಿಸಿ ಹೊರಟಾಗ ಗೇಟಿನ ಹತ್ತಿರ ನಡೆದು ಹೋಗೋರು ಬೇಕಾದಷ್ಟು ಜನ ಸಿಗ್ತಾರೆ. ನಾನೂ ನಡ್ಕೊಂಡೇ ಬಂದಿದ್ದೀನಿ.