ಗಿರಣಿಯ ಸೀನು, ಮನೆಯ ಶೀತ

ಬಿಡದೆ ಸೀನುತ್ತಾಳೆಂದು ಹತ್ತಿ ಗಿರಣಿಯವರು ಒಬ್ಬಾಕೆಯನ್ನು ಕೆಲಸದಿಂದ ತೆಗೆದರು. ದವಾಖಾನೆಯ ಬೆಂಚಿನಲ್ಲಿ ಆಕೆ, ಆಕೆಯ ಮಗಳು ಮತ್ತು ಕಾಗದ ಹಿಡಿದ ಗಿರಣಿ ಮೇಸ್ತ್ರಿ ಕುಳಿತಿದ್ದರು. ಎದುರಿಗಿದ್ದ ಮುದಿ ದರ್ಜಿ ತನ್ನ ಮಂಡಿನೋವು ಮರೆತು ಕಿವಿಗೊಟ್ಟ.

"ಇದು ಮನೆ ಶೀತ, ಗಿರಣಿ ಧೂಳಲ್ಲ ಅಂತ ಬರೆದಿದೆ. ಸಹಿ ಹಾಕು ಅಕ್ಕಾ, ನಾಳೆಯಿಂದ್ಲೇ ಕೆಲಸಕ್ಕೆ ಬಾ," ಎಂದ ಮೇಸ್ತ್ರಿ.

"ಸೀನು ಅಂದ್ರೆ ಮೂಗು ಕಸ ಗುಡಿಸೋದು ಮಾಮಾ," ಎಂದಳು ಮಗಳು. "ಧೂಳು ಹೊಕ್ಕಿದ್ರೆ ನರ ಹೋಗಿ ಮಿದುಳಿಗೆ ಚಾಡಿ ಹೇಳುತ್ತೆ. ಎದೆ ಗಾಳಿ ತುಂಬ್ಕೊಂಡು ಆಚೆ ದಬ್ಬುತ್ತೆ. ಕಣ್ಣೂ ತಾನಾಗೇ ಮುಚ್ಕೊಳ್ಳುತ್ತೆ."

"ಭಾರೀ ಪಂಡಿತೆ ನೀನು. ಬಿಸಿಲು ನೋಡಿದ್ರೂ ಕೆಲವರು ಸೀನ್ತಾರೆ. ಗಿರಣಿನೇ ಯಾಕೆ ದೂರ್ತೀಯ?"

"ಅಮ್ಮ ಭಾನುವಾರ ಬಿಸಿಲಲ್ಲೇ ಬಟ್ಟೆ ಒಗೀತಾಳೆ, ಒಂದು ಸೀನೂ ಇಲ್ಲ. ಸೋಮವಾರ ಗಿರಣಿ ಬಾಗಿಲಲ್ಲೇ ಶುರು."

ದರ್ಜಿ ನಗು ನುಂಗಿದ. ಮೇಸ್ತ್ರಿ ಪೆನ್ನನ್ನು ತಾಯಿಯ ಬೆರಳುಗಳ ನಡುವೆ ತುರುಕಿದ.

"ಮಗು ಮಾತು ಕಟ್ಕೊಂಡು ಹೊಟ್ಟೆ ಮೇಲೆ ಹೊಡ್ಕೋಬೇಡ."

"ಗಿರಣೀಲಿ ನನ್ನ ಸಾಲಲ್ಲೇ ಹದಿನಾಲ್ಕು ಜನ ಸೀನ್ತಾರಲ್ಲಣ್ಣ, ಅವರಿಗೂ ಮನೆ ಶೀತವೇ?"

"ಅವರೆಲ್ಲ ಸಹಿ ಹಾಕಾಯ್ತು. ನೀನೊಬ್ಬಳೇ ಬಾಕಿ."

ಒಳಗಿನಿಂದ ಕರೆ ಬಂತು. ಆಕೆ ಪೆನ್ನನ್ನು ಬೆಂಚಿನ ಮೇಲಿಟ್ಟು, ಮಗಳ ಕೈಹಿಡಿದು ಎದ್ದಳು.

"ಡಾಕ್ಟ್ರಿಗೆ ಹತ್ತಿ ಧೂಳು ಅಂತಲೇ ಹೇಳ್ತೀನಿ. ಸಹಿ ಹಾಕಲ್ಲ."